ಒಂದು ಹನಿಯ ಲೆಕ್ಕ

ಬಾಗಿಲಲ್ಲೇ ಒಬ್ಬ ಹುಡುಗಿ ನಮ್ಮಿಬ್ಬರ ಕೈಗೂ ಒಂದೊಂದು ಉದ್ದನೆಯ ಬಿಳಿ ಕಾಗದದ ಪಟ್ಟಿ ಕೊಟ್ಟಳು. ಮೂಗಿನ ಹತ್ತಿರ ಹಿಡಿದೆವು. ಶ್ರೀಗಂಧ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ‘ನಮ್ಮೂರಿನದೇ’ ಎಂದು ನಾವು ಸ್ವಲ್ಪ ಜಂಬದಿಂದಲೇ ಹೇಳಿದೆವು. ಹುಡುಗಿ ನಕ್ಕಳು. ‘ಅಲ್ಲ ಮೇಡಂ, ಇದು ಆಸ್ಟ್ರೇಲಿಯಾದ್ದು.’

ಮರ ನಮ್ಮದೇ ಜಾತಿಯದು, ನೆಲ ಮಾತ್ರ ಬೇರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಭಾರತದ ಶ್ರೀಗಂಧವನ್ನು ದೊಡ್ಡ ದೊಡ್ಡ ತೋಟ ಮಾಡಿ ಬೆಳೆಸಿದ್ದಾರೆ. ನಮ್ಮಲ್ಲಿ ಬಹಳ ಕಾಲ ಗಂಧದ ಮರವೆಂದರೆ ಸರ್ಕಾರದ ಸೊತ್ತು. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಸಸಿ ಕಂಡರೆ ರೈತನಿಗೆ ಸಂತೋಷಕ್ಕಿಂತ ಭಯವೇ ಹೆಚ್ಚು. 2001ರಲ್ಲಿ ಕಾನೂನು ತಿದ್ದುಪಡಿಯಾಗಿ ಜಮೀನಿನ ಒಡೆಯನೇ ಮರದ ಒಡೆಯನೂ ಆದ. ಅಷ್ಟು ಹೊತ್ತಿಗೆ ಕಾಡಿನ ಮರಗಳು ಕಳ್ಳರ ಪಾಲಾಗಿದ್ದವು. 1916-17ರ ಹೊತ್ತಿಗೆ ಗಂಧದೆಣ್ಣೆಯ ಕಾರ್ಖಾನೆ ಕಟ್ಟಿಕೊಂಡ ರಾಜ್ಯದ ರಾಜಧಾನಿಯಲ್ಲಿ ನಿಂತು ನಾವು ಹೊರದೇಶದ ಗಂಧವನ್ನು ಮೂಸುತ್ತಿದ್ದೆವು.

ಇದು 2023ರ ಫೆಬ್ರವರಿಯ ಮಾತು. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಅರೋಮಾಥೆರಪಿಯ ಎರಡು ದಿನಗಳ ಸಮ್ಮೇಳನ. ಸುಗಂಧ ತೈಲಗಳಿಂದ ಮೈಮನಸ್ಸಿಗೆ ಹಿತ ಕೊಡುವ ಈ ವೃತ್ತಿಯವರು, ಕಲಿಯುತ್ತಿರುವವರು, ತೈಲ ಮಾರುವವರು ಎಲ್ಲ ಸೇರಿದ್ದರು. ನಾವು ಎಂದರೆ ಅಕ್ಕತಂಗಿಯರು. ದೊಡ್ಡವಳು ಕಥೆ ಬರೆಯುವವಳು, ಚಿಕ್ಕವಳು ಅರೋಮಾಥೆರಪಿ ಕಲಿತವಳು. ದೊಡ್ಡವಳಿಗೆ ಅಲ್ಲೇನು ಕೆಲಸ ಎಂದು ಅಮ್ಮಿಯೂ ಕೇಳಿದ್ದರು. ಕೆಲಸ ಇತ್ತು.

ಅಬ್ಬಾ ಅತ್ತರಿನ ವ್ಯಾಪಾರಿ. ಮಂಡಿ ಮೊಹಲ್ಲಾದ ಮಸೀದಿಯೊಂದರ ಬಳಿ, ಇಬ್ಬರು ಒಟ್ಟಿಗೆ ನಿಲ್ಲಲಾಗದಷ್ಟು ಚಿಕ್ಕ ಅಂಗಡಿ. ಖಸ್, ಹೀನಾ, ಗುಲಾಬ್, ಮಜ್ಮುವಾ; ಮಳೆಗಾಲಕ್ಕೆ ಮುಂಚೆ ಯಾರಾದರೂ ಕೇಳಿದರೆ ಮಿಟ್ಟಿ. ಸರಕು ಕನೌಜಿನಿಂದ ಬರುತ್ತಿತ್ತು. ಅಲ್ಲಿ ತಾಮ್ರದ ದೇಗ್‌ನಲ್ಲಿ ಹೂವು ನೀರು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಬೆಂಕಿ ಇಟ್ಟು, ಆವಿಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ ಗಂಧದೆಣ್ಣೆ ಇಟ್ಟ ಪಾತ್ರೆಗೆ ಇಳಿಸುತ್ತಾರೆ. ಗಂಧದೆಣ್ಣೆ ದುಬಾರಿಯಾದ ಮೇಲೆ ಅದರ ಜಾಗಕ್ಕೆ ಪ್ಯಾರಾಫಿನ್ ಎಣ್ಣೆ ಬಂತು. ಅಬ್ಬಾ ಅದನ್ನು ಗಿರಾಕಿಗೆ ಮುಚ್ಚಿಡುತ್ತಿರಲಿಲ್ಲ. ‘ಇದು ಗಂಧದ ಮೇಲಿನದು, ಇದು ಅಗ್ಗದ್ದು, ನಿಮ್ಮಿಷ್ಟ’ ಎನ್ನುವರು. ಹೀಗೆ ವ್ಯಾಪಾರ ಮಾಡಿದರೆ ಎಷ್ಟು ಲಾಭ ಬರುತ್ತದೆ ಎಂದು ಕೇಳಬೇಡಿ.

ಜುಮಾ ದಿನ ನಮಾಜಿಗೆ ಹೋಗುವವರಿಗೆ ಗಾಜಿನ ಕಡ್ಡಿಯ ತುದಿಯಿಂದ ಮುಂಗೈಗೆ ಸವರಿ ಕಳಿಸುತ್ತಿದ್ದರು. ಒಮ್ಮೆ ಯಾರೋ ‘ಭಾಯ್, ತಲೆನೋವಿಗೆ ಯಾವುದು ಒಳ್ಳೆಯದು?’ ಎಂದು ಕೇಳಿದ್ದು ನಮಗಿಬ್ಬರಿಗೂ ನೆನಪಿದೆ. ಅಬ್ಬಾ ಬೀದಿಯ ಕೊನೆಯತ್ತ ಕೈ ತೋರಿಸಿ, ‘ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಹೋಗಿ. ವಾಸಿಯಾದ ಮೇಲೆ ಬನ್ನಿ, ಅತ್ತರ್ ಹಚ್ಚುತ್ತೇನೆ’ ಎಂದಿದ್ದರು. 2011ರಲ್ಲಿ ಅವರು ತೀರಿಕೊಂಡರು. ಅಂಗಡಿ ಮೊಬೈಲ್ ರಿಪೇರಿಯವನ ಪಾಲಾಯಿತು. ಇಪ್ಪತ್ತು ಇಪ್ಪತ್ತೈದು ಬಾಟಲಿಗಳು ಮಾತ್ರ ಮನೆಗೆ ಬಂದವು.

ಆ ಬಾಟಲಿಗಳ ಸೆಳೆತವೋ ಏನೋ, ಚಿಕ್ಕವಳು 2018ರಲ್ಲಿ ಮೂರು ತಿಂಗಳ ಅರೋಮಾಥೆರಪಿ ಕೋರ್ಸ್ ಸೇರಿದಳು. ಗಂಡ ದುಬೈಯಲ್ಲಿ, ಮಕ್ಕಳು ಶಾಲೆಯಲ್ಲಿ, ಮನೆಯಲ್ಲೇ ಕುಳಿತು ಮಾಡಬಹುದಾದ ಮರ್ಯಾದೆಯ ಕೆಲಸ. ಸರ್ಟಿಫಿಕೇಟು ಬಂತು, ಅಮ್ಮಿ ಅದಕ್ಕೆ ಫ್ರೇಮ್ ಹಾಕಿಸಿದರು. ಅಲ್ಲಿ ಕಲಿಸಿದವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: ಇದು ಪ್ರಕೃತಿಯದು, ಆದ್ದರಿಂದ ಅಡ್ಡಪರಿಣಾಮವಿಲ್ಲ. ಹೆಂಗಸರು ಬರತೊಡಗಿದರು. ಬೆನ್ನುನೋವು, ನಿದ್ದೆ ಬಾರದಿರುವುದು, ಹೇಳಿಕೊಳ್ಳಲಾಗದ ಸಂಕಟಗಳು. ಲ್ಯಾವೆಂಡರ್ ಬೆರೆಸಿದ ಎಣ್ಣೆಯಲ್ಲಿ ಭುಜ ತೀಡಿ, ಅರ್ಧ ಗಂಟೆ ಅವರ ಮಾತಿಗೆ ಕಿವಿಗೊಟ್ಟರೆ ಹಗುರಾಗಿ ಹೋಗುತ್ತಿದ್ದರು. ಎಣ್ಣೆಯ ಗುಣವೆಷ್ಟು, ಕಿವಿಯ ಗುಣವೆಷ್ಟು ಎಂದು ನಾವು ವಿಚಾರಿಸಲು ಹೋಗಲಿಲ್ಲ.

2019ರ ಡಿಸೆಂಬರಿನ ಒಂದು ಸಂಜೆ ಹಿಂದಿನ ಬೀದಿಯ ಹೆಂಗಸೊಬ್ಬಳು ಎಂಟು ತಿಂಗಳ ಮಗುವನ್ನು ತಂದಳು. ಶೀತ, ಮೂಗು ಕಟ್ಟಿದೆ, ಹಾಲು ಕುಡಿಯುತ್ತಿಲ್ಲ. ನೀಲಗಿರಿ ಎಣ್ಣೆ ಇಲ್ಲದ ಮನೆ ನಮ್ಮ ಮೊಹಲ್ಲಾದಲ್ಲಿ ಯಾವುದಿದೆ? ಮೂಗಿನ ಕೆಳಗೆ ಒಂದು ಹನಿ, ಬೆರಕೆಯಿಲ್ಲದ್ದು. ಹಚ್ಚಿದ್ದು ಚಿಕ್ಕವಳ ಬೆರಳು, ಮಗು ಇದ್ದದ್ದು ದೊಡ್ಡವಳ ಮಡಿಲಲ್ಲಿ. ಆದ್ದರಿಂದ ನಾವು.

ಮಗು ಒಮ್ಮೆ ಬಿಕ್ಕಿತು. ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ತುಟಿ ನೀಲಿಗೆ ತಿರುಗಿತು. ಆಟೋದಲ್ಲಿ ಆ ತಾಯಿ ನಮ್ಮನ್ನು ಬೈಯಲಿಲ್ಲ, ‘ಅಲ್ಲಾಹ್, ಅಲ್ಲಾಹ್’ ಎನ್ನುತ್ತಿದ್ದಳು, ಅಷ್ಟೆ. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಒಂದು ರಾತ್ರಿ ಇಟ್ಟುಕೊಂಡರು. ಮಗು ಉಳಿಯಿತು. ಎಳೆಯ ವೈದ್ಯೆ ‘ಯಾರು ಹಚ್ಚಿದ್ದು?’ ಎಂದು ಕೇಳಿದಾಗ ತಾಯಿಯೇ ‘ಮನೆಯಲ್ಲಿ’ ಎಂದುಬಿಟ್ಟಳು. ಆ ಒಂದು ಪದದ ಋಣ ನಮ್ಮ ಮೇಲೆ ಉಳಿಯಿತು. ಚಿಕ್ಕವಳು ಫ್ರೇಮನ್ನು ಗೋಡೆಯಿಂದ ತೆಗೆದು ಟ್ರಂಕಿಗೆ ಹಾಕಿದಳು. ಆಮೇಲೆ ಕೊರೋನಾ ಬಂತು, ಯಾರೂ ಯಾರ ಮನೆಗೂ ಹೋಗದ ಕಾಲ. ಒಂದು ಲೆಕ್ಕದಲ್ಲಿ ನಮಗೆ ಅದು ಅನುಕೂಲವೇ ಆಯಿತು.

ಸಮ್ಮೇಳನದ ಸುದ್ದಿ ಅವಳ ಹಳೆಯ ಸಹಪಾಠಿಯೊಬ್ಬಳಿಂದ ಬಂತು. ‘ಆಪಾ, ಅಲ್ಲಿ ತಿಳಿದವರು ಬರುತ್ತಾರಂತೆ. ಒಂದು ಪ್ರಶ್ನೆ ಕೇಳಬೇಕು. ಒಬ್ಬಳೇ ಹೋದರೆ ಬಾಯಿ ಬರುವುದಿಲ್ಲ’ ಅಂದಳು. ಶಿವಾಜಿನಗರದ ಚಾಚಾ ಮನೆಯಲ್ಲಿ ಉಳಿದುಕೊಳ್ಳುವುದೆಂದು ಹೊರಟೆವು.

ಮೊದಲ ದಿನವೆಲ್ಲ ಚರಿತ್ರೆ, ಹೊಗಳಿಕೆ, ಮಳಿಗೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗತ್ತಫೊಸೆಯ ಕಥೆ ಹೇಳಿದರು. ಅರೋಮಾಥೆರಪಿ ಎಂಬ ಹೆಸರನ್ನು 1937ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟವನು ಆತ. ಪ್ರಯೋಗಾಲಯದ ಸ್ಫೋಟದಲ್ಲಿ ಸುಟ್ಟ ಕೈಯನ್ನು ಪಕ್ಕದಲ್ಲೇ ಇದ್ದ ಲ್ಯಾವೆಂಡರ್ ಎಣ್ಣೆಯ ತೊಟ್ಟಿಗೆ ಅದ್ದಿದ, ಗಾಯ ಮಾಯವಾಯಿತು ಎಂದು ಭಾಷಣಕಾರರು ಹೇಳಿದಾಗ ಚಪ್ಪಾಳೆ ಬಿತ್ತು. ಆತ ಬರೆದುಕೊಂಡದ್ದು ಅಷ್ಟು ಚೆಂದದ ಕಥೆಯಲ್ಲ. 1910ರ ಸ್ಫೋಟದ ನಂತರ ಕೈಗಳಿಗೆ ಕೊಳೆರೋಗ ಹತ್ತಿತು, ಆಗ ಲ್ಯಾವೆಂಡರ್ ಎಣ್ಣೆಯಿಂದ ತೊಳೆದದ್ದು ಅದನ್ನು ತಡೆಯಿತು ಎನ್ನುತ್ತಾನೆ. ತೊಟ್ಟಿ ಆಮೇಲೆ ಬಂದದ್ದು. ಹೀಗೆ ತೊಟ್ಟಿ ತಂದಿಡುವ ಚಾಳಿ ಕಥೆಗಾರರಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲೊಬ್ಬಳು ತಲೆ ತಗ್ಗಿಸಿ ನಕ್ಕಳು.

ಪರದೆಯ ಮೇಲೆ ಅವಿಸೆನ್ನಾ ಬಂದ. ಉರ್ದು ಶಾಲೆಯಲ್ಲಿ ಬೂ ಅಲಿ ಸೀನಾ ಎಂದು ಕಲಿತವರಿಗೆ ಆ ಹೆಸರಿನಲ್ಲಿ ಅವರನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು. ಹೂವಿನಿಂದ ಎಣ್ಣೆ ಬಟ್ಟಿ ಇಳಿಸುವುದನ್ನು ಲೋಕಕ್ಕೆ ಮೊದಲು ಕೊಟ್ಟವರು ಇವರೇ ಎಂದರು. ಸುತ್ತಲಿನವರು ನಮ್ಮ ತಲೆವಸ್ತ್ರ ನೋಡಿ ಅಭಿನಂದಿಸುವಂತೆ ನಕ್ಕರು, ನಮಗೂ ಖುಷಿಯಾಗದೇ ಇರಲಿಲ್ಲ. ಆದರೆ ಅವರು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ, ಒಂಬತ್ತನೆಯ ಶತಮಾನದಲ್ಲೇ ಅಲ್ ಕಿಂದಿಯ ಹೆಸರಿನಲ್ಲಿ ಸುಗಂಧ ತಯಾರಿಕೆಯ ನೂರಕ್ಕೂ ಹೆಚ್ಚು ವಿಧಾನಗಳ ಗ್ರಂಥವೊಂದಿದೆ. ಬಟ್ಟಿ ಇಳಿಸುವುದು ಅದಕ್ಕೂ ಹಳೆಯ ವಿದ್ಯೆ. ನಮ್ಮವರು ಎಂಬ ಹೆಮ್ಮೆಯನ್ನೂ ಸ್ವಲ್ಪ ತೆಳು ಮಾಡಿಯೇ ಹಚ್ಚಿಕೊಳ್ಳಬೇಕು.

ಮಧ್ಯಾಹ್ನ ಮಕ್ಕಳ ಆರೋಗ್ಯದ ಗೋಷ್ಠಿ. ಮಾತಾಡಿದವರು ನಗುಮುಖದವರು, ಹೊರಗೆ ಅವರದೇ ಮಳಿಗೆಯೂ ಇತ್ತು. ಶೀತಕ್ಕೆ, ಉಬ್ಬಸಕ್ಕೆ, ಪರೀಕ್ಷೆಯ ಭಯಕ್ಕೆ ಬೇರೆ ಬೇರೆ ಸೀಸೆಗಳು. ಚಿಕ್ಕವಳು ಕೈ ಎತ್ತಿ ‘ಎಂಟು ತಿಂಗಳ ಮಗುವಿಗೆ ಶೀತವಾದರೆ ಎಷ್ಟು ಹನಿ?’ ಎಂದು ಕೇಳಿದಳು. ‘ಒಂದೇ ಒಂದು ಹನಿ, ಹೆದರಬೇಡಿ, ಎಲ್ಲ ನೈಸರ್ಗಿಕ’ ಎಂದು ಉತ್ತರ ಬಂತು. ಅವಳು ಕುಳಿತಳು. ಅಂಗೈ ಬೆವರಿತ್ತು. ಅಸರ್ ನಮಾಜಿಗೆ ಜಾಗ ಕೇಳಿದಾಗ ಸ್ವಯಂಸೇವಕ ಹುಡುಗನೊಬ್ಬ ಸಾಮಾನು ಇಡುವ ಕೋಣೆ ತೆರೆದು, ರಟ್ಟಿನ ಪೆಟ್ಟಿಗೆಗಳನ್ನು ತಾನೇ ಸರಿಸಿಕೊಟ್ಟ. ಪುದೀನಾ, ನಿಂಬೆಹುಲ್ಲಿನ ವಾಸನೆ ತುಂಬಿದ ಆ ಕೋಣೆಯಲ್ಲಿ ಅವಳ ಸಜ್ದಾ ಬಹಳ ಹೊತ್ತು ಮುಗಿಯಲಿಲ್ಲ.

ಎರಡನೆಯ ದಿನದ ಬೆಳಗಿನ ಗೋಷ್ಠಿಗೆ ಅರ್ಧ ಸಭಾಂಗಣ ಖಾಲಿ. ಸುರಕ್ಷತೆ ಎಂಬ ವಿಷಯಕ್ಕೆ ಯಾರು ಬರುತ್ತಾರೆ? ಮಾತಾಡಿದವರು ನಿವೃತ್ತ ನರ್ಸ್ ಒಬ್ಬರು, ಅರವತ್ತು ದಾಟಿದವರು, ಹತ್ತಿಸೀರೆ, ಕೈಯಲ್ಲಿ ಒಂದು ನೋಟ್‌ಬುಕ್ಕು. ಕಿಲೋಗಟ್ಟಲೆ ಅಲ್ಲ, ಸಾವಿರಾರು ಕಿಲೋ ಗುಲಾಬಿ ದಳದಿಂದ ಒಂದು ಕಿಲೋ ಎಣ್ಣೆ ಬರುತ್ತದೆ, ಹಾಗಿರುವಾಗ ಅದನ್ನು ಹೂವು ಎಂದು ತಿಳಿಯಬೇಡಿ ಎಂದು ಶುರು ಮಾಡಿದರು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಮೂವತ್ತು ಮಿಲಿಲೀಟರ್ ಎಳ್ಳೆಣ್ಣೆಗೋ ಬಾದಾಮಿ ಎಣ್ಣೆಗೋ ಆರು ಹನಿ ಹಾಕಿದರೆ ಶೇಕಡಾ ಒಂದು. ಮುಖಕ್ಕೆ ಅದಕ್ಕಿಂತ ಹೆಚ್ಚು ಬೇಡ. ಬರ್ಗಮಾಟ್ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟೀತು. ನೀಲಗಿರಿ ಎಣ್ಣೆಯನ್ನು ಮಗು ಒಂದು ಟೀ ಚಮಚದಷ್ಟು ನುಂಗಿದರೂ ಪ್ರಜ್ಞೆ ತಪ್ಪೀತು. ಅಮೆರಿಕದಲ್ಲಿ 2021ರಲ್ಲಿ ನಾಲ್ಕು ರಾಜ್ಯಗಳ ನಾಲ್ವರಿಗೆ ಎಲ್ಲಿಂದಲೋ ಮೆಲಿಯೋಯ್ಡೋಸಿಸ್ ಎಂಬ ಸೋಂಕು ತಗುಲಿತು, ಒಂದು ಮಗುವೂ ಸೇರಿ ಇಬ್ಬರು ಸತ್ತರು. ಕೊನೆಗೆ ರೋಗಾಣು ಸಿಕ್ಕಿದ್ದು ಕೋಣೆಗೆ ಸಿಂಪಡಿಸುವ ಲ್ಯಾವೆಂಡರಿನ ಸೀಸೆಯಲ್ಲಿ. ‘ಅದು ತಯಾರಾದದ್ದು ನಮ್ಮ ದೇಶದಲ್ಲೇ’ ಎಂದು ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಬರೀ ಹೆದರಿಸಿದರು ಎಂದಲ್ಲ. ಜರ್ಮನಿಯಲ್ಲಿ ಲ್ಯಾವೆಂಡರ್ ಎಣ್ಣೆಯ ಕ್ಯಾಪ್ಸೂಲ್ ಆತಂಕದ ಔಷಧಿಯಾಗಿ ಒಪ್ಪಿಗೆ ಪಡೆದಿದೆ, ಕರುಳಿನ ಸೆಳೆತಕ್ಕೆ ಪುದೀನಾ ಎಣ್ಣೆಯ ಕ್ಯಾಪ್ಸೂಲ್ ಉಪಯೋಗದಲ್ಲಿದೆ, ಆದರೆ ಅವೆಲ್ಲ ಅಳೆದು, ಪರೀಕ್ಷಿಸಿ ತಯಾರಿಸಿದವು, ಸೀಸೆಯಿಂದ ಬಾಯಿಗೆ ಬಿಟ್ಟುಕೊಳ್ಳುವುದಲ್ಲ ಎಂದರು. ನಮ್ಮ ದೇಶದ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿ ಆಯುರ್ವೇದ, ಯುನಾನಿಗಳಿವೆ, ಅರೋಮಾಥೆರಪಿ ಇಲ್ಲ. ತಪ್ಪಾದರೆ ಕೇಳುವವರಿಲ್ಲ, ಅದಕ್ಕೇ ನಮ್ಮನ್ನು ನಾವೇ ಕೇಳಿಕೊಳ್ಳಬೇಕು ಎಂದರು.

ಪ್ರಶ್ನೆ ಇದೆಯೇ ಎಂದಾಗ ಚಿಕ್ಕವಳು ಎದ್ದಳು. ಇಂಗ್ಲಿಷಿನಲ್ಲಿ ಬರೆದುಕೊಂಡು ಬಂದಿದ್ದ ಚೀಟಿ ಕೈಯಲ್ಲೇ ಉಳಿಯಿತು. ಕನ್ನಡದಲ್ಲಿ, ಮೈಕಿನಲ್ಲಿ, ಆ ಸಂಜೆಯದ್ದನ್ನು ಪೂರ್ತಿ ಹೇಳಿದಳು. ಮಗುವಿನ ತುಟಿಯ ಬಣ್ಣವನ್ನೂ ಹೇಳಿದಳು. ‘ತಪ್ಪು ಹನಿಯದೋ, ಕೈಯದೋ ಹೇಳಿ ಅಮ್ಮಾ’ ಎಂದು ಕೇಳಿದಳು.

ಅವರು ವೇದಿಕೆ ಇಳಿದು ಬಂದರು. ‘ಎರಡು ವರ್ಷದೊಳಗಿನ ಮಗುವಿನ ಮುಖದ ಹತ್ತಿರ ನೀಲಗಿರಿ, ಪುದೀನಾ, ಕರ್ಪೂರ ಯಾವುದೂ ಹೋಗಬಾರದು. ಘಾಟಿಗೆ ಎಳೆಯ ಗಂಟಲು ಮುಚ್ಚಿಕೊಳ್ಳಬಹುದು, ಉಸಿರೇ ನಿಲ್ಲಬಹುದು. ನಿನ್ನೆ ಇಲ್ಲಿ ಯಾರಾದರೂ ಒಂದು ಹನಿ ಪರವಾಗಿಲ್ಲ ಎಂದಿದ್ದರೆ ಅದು ತಪ್ಪು. ನಿನಗೆ ಕಲಿಸಿದವರದೂ ತಪ್ಪು. ನಿನ್ನದೂ ತಪ್ಪೇ ಮಗಳೇ’ ಎಂದರು. ಮೂರನೆಯದನ್ನು ಅವರು ನುಂಗಿಕೊಂಡಿದ್ದರೆ ಮೊದಲೆರಡನ್ನು ನಾವು ನಂಬುತ್ತಿರಲಿಲ್ಲ.

ಚಹಾದ ಹೊತ್ತಿಗೆ ಇಬ್ಬರು ಹೆಂಗಸರು ಗೋಡೆಯ ಬದಿಗೆ ಕರೆದು ತಂತಮ್ಮದನ್ನು ಹೇಳಿಕೊಂಡರು. ಒಬ್ಬರ ಗಿರಾಕಿಗೆ ಮುಖವೆಲ್ಲ ಬೊಬ್ಬೆ ಎದ್ದಿತ್ತು. ಇನ್ನೊಬ್ಬರದು ನಮ್ಮದರ ಹಾಗೇ, ಮಗು ಸ್ವಂತ ಮೊಮ್ಮಗು. ಮಳಿಗೆಯವನೊಬ್ಬ ಮಾತ್ರ ‘ಇಂಥದ್ದನ್ನೆಲ್ಲ ಮೈಕಿನಲ್ಲಿ ಹೇಳಿದರೆ ಈ ಫೀಲ್ಡೇ ಹಾಳಾಗುತ್ತೆ ಮೇಡಂ’ ಎಂದು ಮುಖ ಗಂಟಿಕ್ಕಿದ. ಅವನಿಂದ ಬಾದಾಮಿ ಎಣ್ಣೆ ಕೊಳ್ಳಬೇಕೆಂದಿದ್ದೆವು, ಕೊಳ್ಳಲಿಲ್ಲ.

ಮೈಸೂರಿಗೆ ಬಂದ ಮರುವಾರ ನಾವು ಹಿಂದಿನ ಬೀದಿಗೆ ಹೋದೆವು. ಮೂರು ವರ್ಷ ಆ ಬಾಗಿಲನ್ನು ಬಳಸಿಕೊಂಡು ಸುತ್ತುದಾರಿಯಲ್ಲೇ ಓಡಾಡಿದ್ದೆವು. ಆಕೆ ಅಕ್ಕಿ ಆರಿಸುತ್ತಿದ್ದಳು. ಹುಡುಗ ಮೆಟ್ಟಿಲಿನ ಮೇಲೆ ಆಟಿಕೆಯ ಬಸ್ಸು ಓಡಿಸುತ್ತಿದ್ದ; ಬರುವ ಜೂನ್‌ಗೆ ಎಲ್‌ಕೆಜಿಯಂತೆ. ಚಿಕ್ಕವಳು ಹೇಳಬೇಕಾದ್ದನ್ನು ನಿಂತುಕೊಂಡೇ ಹೇಳಿದಳು. ಆಸ್ಪತ್ರೆಯಲ್ಲಿ ‘ಮನೆಯಲ್ಲಿ’ ಎಂದದ್ದು ಯಾಕೆ ಎಂದೂ ಕೇಳಿದಳು. ‘ನಿಮ್ಮ ಹೆಸರು ಹೇಳಿದರೆ ಮಗು ಬೇಗ ಉಸಿರಾಡುತ್ತಿತ್ತೇ?’ ಎಂದಳು ಆಕೆ, ಮೊರದಿಂದ ಕಲ್ಲು ಹೆಕ್ಕುತ್ತಾ. ಅದರಲ್ಲಿ ಕ್ಷಮೆ ಎಷ್ಟಿತ್ತು, ಕೋಪ ಎಷ್ಟಿತ್ತು ನಮಗೆ ತಿಳಿಯಲಿಲ್ಲ. ಚಹಾ ಕೊಟ್ಟಳು.

ಹೊರಡುವಾಗ ನಾದಿನಿಯ ನಿಕಾಹ್ ಇದೆ, ನಿಮ್ಮ ಅಬ್ಬಾನ ಗುಲಾಬ್ ಉಳಿದಿದೆಯೇ ಎಂದು ಆಕೆಯೇ ಕೇಳಿದಳು. ಸಂಜೆ ತಂದುಕೊಟ್ಟೆವು. ಚಿಕ್ಕವಳು ಗಾಜಿನ ಕಡ್ಡಿ ಎತ್ತಿ ಆಕೆಯ ಮುಂಗೈಗೆ ಸವರಿದಳು. ಹುಡುಗನೂ ಬಂದು ಕೈ ಚಾಚಿದ. ಚಿಕ್ಕವಳು ಕಡ್ಡಿಯನ್ನು ಬಾಟಲಿಗೆ ಇಳಿಸಿ ಮುಚ್ಚಳ ತಿರುಗಿಸಿದಳು. ‘ನಿನಗೆ ಈಗಲೇ ಬೇಡಪ್ಪಾ’ ಅಂದಳು. ಅವನು ಅಳಲಿಲ್ಲ, ಬಸ್ಸಿನ ಹತ್ತಿರ ಹೋದ.