ಕುಂದಾಪುರದ ದಾರಿಯಲ್ಲಿ ಮೋಟಾರಿನ ವ್ಯಾಪಾರ

ಬ್ರಹ್ಮಾವರದಿಂದ ಬಡಗಣ ದಿಕ್ಕಿಗೆ ಹೊರಟು ಬೈಂದೂರನ್ನು ಮುಟ್ಟುವ ಹೆದ್ದಾರಿಯು ಸುಮಾರು ೬೦ ಕಿಲೋಮೀಟರುಗಳಷ್ಟು ಉದ್ದವಿರುವುದು. ಅದು ಮಾಬುಕಳದಲ್ಲಿ ಸೀತಾನದಿಯನ್ನು ದಾಟಿ, ಕೋಟ ಕುಂದಾಪುರಗಳನ್ನು ಹಾಯ್ದು, ಮರವಂತೆಯಲ್ಲಿ ಎಡಕ್ಕೆ ಕಡಲನ್ನೂ ಬಲಕ್ಕೆ ಸೌಪರ್ಣಿಕೆಯನ್ನೂ ಇರಿಸಿಕೊಂಡು ಮುಂದುವರಿಯುವುದು. ಆ ಸೊಬಗನ್ನು ವರ್ಣಿಸಿದವರು ಬೇಕಾದಷ್ಟು ಮಂದಿ ಇರುವರಾದುದರಿಂದ ನಾವು ಅದಕ್ಕೆ ಕೈಯಿಕ್ಕುವುದಿಲ್ಲ. ಈ ದಾರಿಯ ಬದಿಯಲ್ಲಿ ಅಲ್ಲಲ್ಲಿ ಎದ್ದು ನಿಂತಿರುವ ಗಾಜಿನ ಗೋಡೆಯ ಮೋಟಾರು ಮಳಿಗೆಗಳ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆಯುವುದೇ ನಮ್ಮ ಉದ್ದೇಶವು.

ಬೈಂದೂರಿನ ಕಡೆಯ ನಮ್ಮ ಬಂಧುಗಳೊಬ್ಬರಿಗೆ ಚಿಕ್ಕದೊಂದು ಕಾರು ಬೇಕಾಗಿತ್ತು. ಮುದಿತಾಯಿಯನ್ನು ತಿಂಗಳಿಗೆರಡಾವರ್ತಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಡಿಗೆಯ ಗಾಡಿಯು ಹೊತ್ತಿಗೆ ಸರಿಯಾಗಿ ದೊರೆಯುವುದೆಂಬ ಭರವಸೆಯಿಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಹಾಕಿ, ಮಿಕ್ಕುದಕ್ಕೆ ಸಾಲ ತೆಗೆಯತಕ್ಕದ್ದೆಂದು ನಿಶ್ಚಯಿಸಿ, ಅವರು ನಮ್ಮನ್ನೂ ಜತೆಗೆ ಕರೆದರು. ಎರಡು ದಿನಗಳಲ್ಲಿ ಬ್ರಹ್ಮಾವರ ಕುಂದಾಪುರಗಳ ನಾಲ್ಕು ಮಳಿಗೆಗಳನ್ನು ಕಂಡೆವು.

ಕುಂದಾಪುರದ ಮೀನುಪೇಟೆಯಲ್ಲಿ ಬೆಳಿಗ್ಗೆ ಬಂಗುಡೆಯ ಕಿವಿರನ್ನು ಎತ್ತಿ ನೋಡಿ, ಹತ್ತು ರೂಪಾಯಿಗಾಗಿ ಹತ್ತು ನಿಮಿಷ ವಾದಿಸಿದ ಗೃಹಸ್ಥನೇ, ಮಧ್ಯಾಹ್ನ ಮಳಿಗೆಯ ತಣ್ಣನೆಯ ಗಾಳಿಯಲ್ಲಿ ಕುಳಿತಾಗ ಹತ್ತು ಸಾವಿರದ ಒಂದು ಸಾಲನ್ನು ವಿಚಾರಿಸದೆ ಸಹಿ ಹಾಕುವನು. ಇದಕ್ಕೆ ಕಾರಣವು ದಾಕ್ಷಿಣ್ಯವೆಂದು ನಮಗೆ ತೋರುವುದು. ಬಾಗಿಲಲ್ಲಿಯೇ ತರುಣನೊಬ್ಬನು ಕೈಮುಗಿದು, “ಹ್ವಾಯ್, ನೀವ್ ನಮ್ ಬದಿಯವ್ರೇ ಅಲ್ದಾ! ಬನ್ನಿ, ಕೂಕಣಿ” ಎನ್ನುವನು. ಐದು ನಿಮಿಷದೊಳಗೆ ಅವನ ಚಿಕ್ಕಮ್ಮನ ಮನೆಯು ನಮ್ಮ ಬಂಧುಗಳ ಊರಿನ ಆಚೆಯ ಕೇರಿಯಲ್ಲಿಯೇ ಇದೆಯೆಂದು ಗೊತ್ತಾಗುವುದು. ಷರಬತ್ತು ಬರುವುದು. ಇಷ್ಟಾದ ಮೇಲೆ “ಈ ಹಣ ಯಾತಕ್ಕೆ?” ಎಂದು ಕೇಳುವುದು ನೆಂಟರ ಮನೆಯಲ್ಲಿ ಉಂಡೆದ್ದು ಅಕ್ಕಿಯ ಲೆಕ್ಕ ಕೇಳಿದಂತಾಗುವುದು!

ಜಗಳವಿಲ್ಲದೆ ಇದನ್ನು ದಾಟುವ ಉಪಾಯವೆಂದರೆ, ಕ್ರಯವನ್ನು ಸಾಲುಸಾಲಾಗಿ ಬರೆದುಕೊಡಬೇಕೆಂದು ಮೊದಲೇ ಕೇಳುವುದು. ಅಪನಂಬಿಕೆಯೆಂದು ತಿಳಿದಾರೆಂದು ಬಂಧುಗಳು ಅಳುಕಿದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ, ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿನಿಂದ ದಿನಕ್ಕೆ ಎರಡಾಣೆಯನ್ನು ಸಹ ವಸೂಲು ಮಾಡುತ್ತಿದ್ದುದು ಈ ಜಿಲ್ಲೆಯ ಹಿರಿಯರಿಗೆ ಗೊತ್ತು. ಬರುವ ಏಜೆಂಟನು ನೆರೆಮನೆಯವನೇ ಆಗಿದ್ದರೂ ಹಣವು ಲೆಕ್ಕದಲ್ಲಿ ಬರೆಯಲ್ಪಡುತ್ತಿತ್ತು. ಅದರಿಂದ ಯಾರ ಮಾನಕ್ಕೂ ಕುಂದಾಗಲಿಲ್ಲವೆಂದು ನಾವು ಹೇಳಿದೆವು. (ಆ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದುದು ಬೇರೆ ಮಾತು.)

ಪಟ್ಟಿಯು ಕೈಗೆ ಬಂದಾಗ ಅದರ ಸಾಲುಗಳು ಒಂದೇ ಜಾತಿಯವಲ್ಲವೆಂಬುದು ಸ್ಪಷ್ಟವಾಯಿತು. ಮಳಿಗೆಯ ಕ್ರಯದಲ್ಲಿ ಜಿ.ಎಸ್.ಟಿ. ಸೇರಿಯೇ ಇರುವುದು, ಚಿಕ್ಕ ಕಾರುಗಳಿಗೆ ಅದು ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೧೮ಕ್ಕೆ ಇಳಿದಿದೆ. ಇದರ ಮೇಲೆ ರಾಜ್ಯದ ಆಜೀವ ತೆರಿಗೆಯುಂಟು. ಕರ್ನಾಟಕದಲ್ಲಿ ಅದು ೫ರಿಂದ ೧೦ ಲಕ್ಷದ ಗಾಡಿಗೆ ಶೇಕಡಾ ೧೪, ಅದಕ್ಕೆ ಮೇಲ್ಪಟ್ಟು ೨೦ ಲಕ್ಷದವರೆಗೆ ಶೇಕಡಾ ೧೭. ಇವುಗಳ ಮೇಲೆ ಉಪಕರವು ಬೇರೆ. ಇಲ್ಲಿಯೇ ಒಂದು ಸೂಕ್ಷ್ಮವಿರುವುದು. ಬಂಧುಗಳು ನೋಡಿದ ಗಾಡಿಯ ಕ್ರಯವು ೯ ಲಕ್ಷದ ೯೦ ಸಾವಿರ. “ಇನ್ನು ಮೂವತ್ತೇ ಸಾವಿರ ಹಾಕಿದರೆ ಮೇಲಿನ ದರ್ಜೆಯದು ಸಿಗುವುದಲ್ಲ!” ಎಂದನು ತರುಣನು. ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ತೆರಿಗೆ ೧,೩೮,೬೦೦ ರೂಪಾಯಿ, ಎರಡನೆಯದಕ್ಕೆ ೧,೭೩,೪೦೦. ಮೂವತ್ತು ಸಾವಿರವೆಂದದ್ದು ಅರುವತ್ತನಾಲ್ಕು ಸಾವಿರವನ್ನು ದಾಟಿತು. ಅಲ್ಲದೆ ಹತ್ತು ಲಕ್ಷವನ್ನು ಮೀರಿದ ಗಾಡಿಗೆ ಶೇಕಡಾ ಒಂದರಂತೆ ಆದಾಯ ತೆರಿಗೆಯ ಬಾಬನ್ನು ಅಲ್ಲಿಯೇ ಹಿಡಿಯುವರು. ಲೆಕ್ಕ ಸಲ್ಲಿಸುವವರು ಅದನ್ನು ತಮ್ಮ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ಬಹುಮಂದಿ ಮರೆಯುವರು.

ಇವು ಸರಕಾರಕ್ಕೆ ಹೋಗತಕ್ಕವು, ಚೌಕಾಶಿ ನಡೆಯದು. ವಿಮೆಯ ವಿಷಯವು ಹಾಗಲ್ಲ. ೨೦೧೮ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಮೂರನೆಯವರ ವಿಮೆಯು ಕಡ್ಡಾಯವಾದುದು ನಿಜ. ಆದರೆ ಆ ಮಳಿಗೆಯಲ್ಲಿಯೇ ಅದನ್ನು ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಹೊರಗೆ ವಿಚಾರಿಸಿದಲ್ಲಿ ಅದೇ ವಿಮೆಯು ಒಂಬತ್ತು ಸಾವಿರದಷ್ಟು ಅಗ್ಗವಾಗಿತ್ತು. ‘ಹ್ಯಾಂಡ್ಲಿಂಗ್’ ಎಂಬ ಇನ್ನೊಂದು ಸಾಲಿತ್ತು. ಇದು ಯಾವ ಸರಕಾರದ ತೆರಿಗೆಯೂ ಅಲ್ಲ. ಯಾತಕ್ಕೆಂದು ಮೆಲ್ಲಗೆ ಕೇಳಿದಾಗ ತರುಣನು ಒಳಗೆ ಹೋಗಿ ಬಂದು, ತಾನೇ ಗೆರೆಯೆಳೆದನು.

ಗಾಡಿಯ ಅಡಿಗೆ ಬಳಿಯುವ ಲೇಪದ ಬಗ್ಗೆ ಮಾತ್ರ ಬಹಳ ಹೊತ್ತು ಮಾತಾಯಿತು. “ಮರವಂತೆಯ ಉಪ್ಪುಗಾಳಿ, ನಮ್ಮ ಮಳೆ, ಕಾಣಿ!” ಎಂದು ಅವನ ವಾದ. ಅದರಲ್ಲಿ ಸುಳ್ಳಿಲ್ಲ, ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ೪,೦೦೦ ಮಿಲಿಮೀಟರಿಗೆ ಮೇಲ್ಪಟ್ಟು ಮಳೆ ಬೀಳುವುದು, ಕಡಲ ಕರೆಯಲ್ಲಿ ಕಬ್ಬಿಣವು ತುಕ್ಕು ಹಿಡಿಯುವುದು. ಸತ್ಯವಾದ ಮಾತಿಗೆ ಹೆಚ್ಚು ಬೆಲೆ ಕಟ್ಟಿದ್ದರು, ಅಷ್ಟೆ. ಲೇಪವನ್ನು ಹೊರಗೂ ಬಳಿಸಬಹುದೆಂದು ಹೇಳಿ ಆ ಸಾಲನ್ನು ಬಿಡಿಸಿದೆವು.

ಸಾಲದ ಮೇಜಿನಲ್ಲಿ ಪ್ರಶ್ನೆಯೇ ಬೇರೆ: “ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?” ೬ ಲಕ್ಷಕ್ಕೆ ಶೇಕಡಾ ೯ರ ಬಡ್ಡಿಯಾದರೆ ಐದು ವರ್ಷಕ್ಕೆ ತಿಂಗಳ ಕಂತು ೧೨,೪೫೫ ರೂಪಾಯಿ, ಏಳು ವರ್ಷಕ್ಕೆ ೯,೬೫೩. ಚಿಕ್ಕ ಕಂತು ಹಿತವಾಗಿ ಕಾಣುವುದು; ಬಡ್ಡಿಯು ಮಾತ್ರ ೧ ಲಕ್ಷದ ೪೭ ಸಾವಿರದಿಂದ ೨ ಲಕ್ಷದ ೧೧ ಸಾವಿರಕ್ಕೆ ಏರುವುದು. ಬಂಧುಗಳು ಐದು ವರ್ಷವನ್ನೇ ಆರಿಸಿದರು.

ಆ ತರುಣರನ್ನು ದೂರುವುದು ನಮ್ಮ ಮನಸ್ಸಿಲ್ಲ. ಅವರು ನಮ್ಮ ಊರುಗಳ ಮಕ್ಕಳೇ. ತಿಂಗಳಿಗೆ ಇಷ್ಟು ಗಾಡಿ ಮಾರಬೇಕೆಂಬ ಗುರಿಯು ಅವರ ತಲೆಯ ಮೇಲೆ ತೂಗುತ್ತಿರುವುದು. ಆದಕಾರಣವೇ ತಿಂಗಳ ಕೊನೆಯ ವಾರದಲ್ಲಿಯೂ, ಶುಭಕಾರ್ಯ ಮಾಡದ ಆಸಾಡಿಯಲ್ಲಿಯೂ ಅವರ ಮಾತು ಮೆತ್ತಗಾಗುವುದು. “ಇವತ್ತೇ ಮುಂಗಡ ಕೊಟ್ಟರೆ ಮಾತ್ರ” ಎಂದವನಿಗೆ, ಆ ವಿನಾಯಿತಿಯನ್ನೂ ಗಾಡಿ ಬಾರದಿದ್ದರೆ ಹಣ ಹಿಂತಿರುಗಿಸುವ ಷರತ್ತನ್ನೂ ರಸೀತಿಯಲ್ಲಿ ಬರೆಯೆಂದೆವು. ಒಂದು ಮಳಿಗೆಯಲ್ಲಿ ಬರೆಯಲು ಒಪ್ಪಲಿಲ್ಲ. ಅಲ್ಲಿಂದ ಎದ್ದು ಬಂದೆವು. ಕುಂದಾಪುರದ ಇನ್ನೊಂದರಲ್ಲಿ ಬರೆದುಕೊಟ್ಟರು. ಗಾಡಿಯನ್ನು ಅಲ್ಲಿಯೇ ಕೊಂಡದ್ದಾಯಿತು. ಬರೆದ ಮಾತನ್ನು ಮುರಿದವರ ಮೇಲೆ ದೂರು ಕೊಡಲು ಉಡುಪಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. ೧೯೧೫ ಎಂಬ ದೂರವಾಣಿಯೂ ಇದೆ.

ಗಾಡಿಯನ್ನು ಒಪ್ಪಿಕೊಳ್ಳುವ ದಿನ ಆನೆಗುಡ್ಡೆಯಲ್ಲಿ ಪೂಜೆ ಮಾಡಿಸುವ ಅವಸರವು ಎಲ್ಲರಿಗೂ ಇರುವುದು. ಆದರೂ ಹಗಲಿನ ಬೆಳಕಿನಲ್ಲಿ ಒಂದು ಸುತ್ತು ಬಂದು, ಚಾಸಿಸಿನ ಮೇಲಿನ ಸಂಖ್ಯೆಯನ್ನು ಕಾಗದದೊಡನೆ ಹೋಲಿಸಿ, ತಯಾರಾದ ತಿಂಗಳು ವರ್ಷಗಳನ್ನು ಇಪ್ಪತ್ತೆರಡನೆಯ ನಮೂನೆಯಲ್ಲಿ ನೋಡಿಕೊಳ್ಳತಕ್ಕದ್ದು. ಹೋದ ವರ್ಷದ ಗಾಡಿಯಾದರೆ ಕ್ರಯವೂ ಇಳಿಯಬೇಕಷ್ಟೆ. ಬಣ್ಣದಲ್ಲಿ ಗೀರುಗಳಿದ್ದರೆ ಆಗಲೇ ಬರೆಯಿಸಬೇಕು. ಹೂಮಾಲೆ ಹಾಕಿ, ಚಕ್ರದಡಿಯ ಲಿಂಬೆಯನ್ನು ಹಾಯಿಸಿದ ಮೇಲೆ ಗೀರನ್ನು ತೋರಿಸಿದರೆ, ಅದು ದೇವಸ್ಥಾನದ ದಾರಿಯಲ್ಲಿ ಆದುದೆಂದು ಯಾರೂ ಹೇಳಿಯಾರು.