ಕಾಡುಗೋಡಿಯಲ್ಲಿ ಏಳರ ನಡೆ

ಬೆಂಗಳೂರಿನಿಂದ ಪೂರ್ವಕ್ಕೆ, ಮಾಲೂರಿನ ಕಡೆಗೆ ಸಾಗುವ ರೈಲುದಾರಿಯಲ್ಲಿ ಎರಡು ಹೆಸರಿನ ಒಂದು ತಾಣವಿದೆ. ರೈಲು ನಿಲ್ದಾಣದ ಹಲಗೆಯ ಮೇಲಿರುವುದು ವೈಟ್‌ಫೀಲ್ಡ್. ಊರಿನವರ ಬಾಯಲ್ಲಿರುವುದು ಕಾಡುಗೋಡಿ. 1882ರಲ್ಲಿ ಡಿ. ಎಸ್. ವೈಟ್ ಎಂಬುವರ ಮುಂದಾಳುತನದಲ್ಲಿ, ಮೈಸೂರು ಅರಸರು ನೀಡಿದ ಭೂಮಿಯಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತೊಂದು ಸಮೀಪದಲ್ಲಿ ನೆಲೆಗೊಂಡಿತು. ಅದರ ಹೆಸರೇ ಸುತ್ತಲಿನ ಸೀಮೆಗೂ ಅಂಟಿತು. 2023ರ ಮಾರ್ಚಿಯಲ್ಲಿ ಮೆಟ್ರೋ ಇಲ್ಲಿಗೆ ಬಂದಾಗ, ಕೊನೆಯ ನಿಲ್ದಾಣಕ್ಕೆ ಎರಡು ಹೆಸರನ್ನೂ ಜೋಡಿಸಿ ಇಟ್ಟರು.

ನಿಲ್ದಾಣದ ಮೆಟ್ಟಿಲಿಳಿದೊಡನೆ ಕಿವಿಗೆ ಹಬ್ಬ. ಒಂದು ಕಡೆ ಕಂಟೇನರ್ ಲಾರಿಗಳ ಗುಡುಗು, ಇನ್ನೊಂದು ಕಡೆ ಆಟೋಗಳ ಕರೆ. ಕತ್ತಿನಲ್ಲಿ ಗುರುತಿನ ಚೀಟಿ ತೂಗಿಸಿಕೊಂಡು ಕಂಪೆನಿಯ ಬಸ್ಸಿಗೆ ಓಡುವ ತರುಣ ತರುಣಿಯರು. ಸತ್ಯಸಾಯಿಬಾಬಾ ಅವರ ಬೃಂದಾವನ ಆಶ್ರಮವೂ ಇದೇ ಊರಿನದು. ಅಲ್ಲಿ ಒಬ್ಬರು ಹೇಳಿಕೊಟ್ಟ ಭಜನೆಯ ಸಾಲನ್ನು ನೂರು ಕಂಠಗಳು ಹಿಂದಿರುಗಿಸುತ್ತವೆ. ಕೆಲವೇ ಮೈಲಿಗಳಾಚೆ, ಕಾರ್ಖಾನೆಗಳ ನಡುವೆ, 2012ರಲ್ಲಿ ತೆರೆದ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್ ಎಂಬ ಪಾನಗೃಹ ಜಾಜ್ ಕಛೇರಿಗಳಿಗೆ ಹೆಸರಾಗಿದೆ. ಭಜನೆ ಮತ್ತು ಜಾಜ್ ಹೀಗೆ ನೆರೆಹೊರೆಯಾಗಿರುವ ಊರು ನಮ್ಮ ನಾಡಿನಲ್ಲಿ ಅಪರೂಪವೇ ಸರಿ.

ಕಾಡುಗೋಡಿಯ ವಸತಿ ಸಮುಚ್ಚಯವೊಂದರಲ್ಲಿ ನನ್ನ ಸ್ನೇಹಿತರ ಮನೆ. ಅವರ ಮಗ ಹಗಲು ಕಂಪ್ಯೂಟರ್ ಕಂಪೆನಿಯಲ್ಲಿ ದುಡಿಯುತ್ತಾನೆ, ರಾತ್ರಿ ಜಾಜ್ ಡ್ರಮ್ ಕಲಿಯುತ್ತಾನೆ. ನೆರೆಮನೆಯವರ ನಿದ್ದೆಗೆ ಭಂಗ ಬಾರದಂತೆ ರಬ್ಬರಿನ ಹಾಸಿನ ಮೇಲೆ ಕೋಲಾಡಿಸಿ ಅಭ್ಯಾಸ. ನಾನು ಹೋದ ದಿನ ಆತನ ಮುಖ ಸಪ್ಪಗಿತ್ತು. ಅವನ ತಂಡ ಏಳು ಪೆಟ್ಟಿನ ಒಂದು ಕೃತಿಯನ್ನು ಆರಿಸಿಕೊಂಡಿತ್ತು. ಅದರ ನಡುವೆ ಡ್ರಮ್ ಒಂದೇ ನುಡಿಯಬೇಕಾದ ಭಾಗ ಇವನದು. ಎರಡು ತಿಂಗಳೊಳಗೆ ಅದು ಕೈಗೆ ಬಾರದಿದ್ದರೆ ಬೇರೊಬ್ಬನನ್ನು ಕರೆಯುವುದೆಂದು ಗೆಳೆಯರು ಹೇಳಿದ್ದರು.

ಜಾಜ್ ಸಂಗೀತ ಬಹುಪಾಲು ನಾಲ್ಕು ಪೆಟ್ಟಿನಲ್ಲಿ ನಡೆಯುತ್ತದೆ. 1959ರಲ್ಲಿ ಅಮೆರಿಕದ ಡೇವ್ ಬ್ರೂಬೆಕ್ ತಂಡದ ‘ಟೈಮ್ ಔಟ್’ ಧ್ವನಿಮುದ್ರಿಕೆ ಹೊರಬಂದ ಮೇಲೆ ಬೆಸ ಸಂಖ್ಯೆಯ ನಡೆಗಳು ಮನೆಮಾತಾದವು. ಅದರಲ್ಲಿ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಐದು ಪೆಟ್ಟಿನದು. ಪಿಯಾನೋ ಒಂದೇ ಪಲುಕನ್ನು ಬಿಡದೆ ನುಡಿಸುತ್ತಿರಲು, ಅದರ ಮೇಲೆ ಜೋ ಮೊರೆಲ್ಲೋ ಡ್ರಮ್ಮಿನಲ್ಲಿ ಅವಸರವಿಲ್ಲದೆ, ನಡುನಡುವೆ ಮೌನ ಬಿಡುತ್ತ ವಿಹರಿಸುತ್ತಾರೆ. ಕೇಳಲು ಸುಲಭ, ನುಡಿಸಲು ಕಠಿಣ. ನಾಲ್ಕಕ್ಕೆ ಪಳಗಿದ ಕೈ ಏಳರ ಕೊನೆಯಲ್ಲಿ ತನಗರಿವಿಲ್ಲದೆ ಎಂಟನೆಯ ಪೆಟ್ಟನ್ನು ಸೇರಿಸಿಬಿಡುತ್ತದೆ.

“ಎಣಿಸಿದರೆ ಕೈ ಕಟ್ಟಿಹಾಕಿದಂತಾಗುತ್ತೆ, ಎಣಿಸದಿದ್ದರೆ ದಾರಿ ತಪ್ಪುತ್ತೆ,” ಎಂದ ಹುಡುಗ.

ಮೂಲೆಯ ಕುರ್ಚಿಯಲ್ಲಿ ಅವನ ತಾತನವರು ಕುಳಿತಿದ್ದರು. ಮಾಲೂರಿನ ಶಾಲೆಯಲ್ಲಿ ಬಹುಕಾಲ ಕನ್ನಡ ಪಂಡಿತರಾಗಿದ್ದು, ಈಗ ಮಗನ ಮನೆಯಲ್ಲಿರುವವರು. ಭಾರತ ವಾಚನ ಅವರ ನಿತ್ಯವ್ರತ. ಕೇಳುವವರು ಮಾತ್ರ ಈ ಎತ್ತರದ ಕಟ್ಟಡದಲ್ಲಿ ಯಾರೂ ಇರಲಿಲ್ಲ. “ನೀನು ಹೇಗೆ ಎಣಿಸ್ತೀಯೋ?” ಎಂದರು.

“ಮೂರು, ನಾಲ್ಕು, ಮೂರು, ನಾಲ್ಕು, ತಾತ.”

“ಅದು ಭಾಮಿನಿ ಅಲ್ಲವೇನಪ್ಪ!”

ಗದುಗಿನ ನಾರಣಪ್ಪನ ಭಾರತವೆಲ್ಲ ಭಾಮಿನಿ ಷಟ್ಪದಿಯಲ್ಲಿದೆ. ಆರು ಸಾಲಿನ ಪದ್ಯ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3-4-3-4ರಂತೆ 14 ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಬಾರಿ ಬಂದು, ಕೊನೆಗೊಂದು ಗುರು: 23. ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕವಾದರೋ ಐದೈದು ಮಾತ್ರೆಯ ನಡೆ. ಪರದೇಶದ ಗಣಿತವೆಂದು ಹುಡುಗ ಹೆದರಿದ್ದ ಐದು ಮತ್ತು ಏಳು ಕನ್ನಡಿಗರ ನಾಲಗೆಯಲ್ಲಿ ಶತಮಾನಗಳಿಂದ ಓಡಾಡಿವೆ. ಯಕ್ಷಗಾನದ ತ್ರಿವುಡೆಯೂ ಏಳೇ, ಕರ್ನಾಟಕ ಸಂಗೀತದ ಮಿಶ್ರಛಾಪುವೂ ಏಳೇ.

ಪಂಡಿತರು ತೊಡೆ ತಟ್ಟಿ ಒಂದು ಪದ್ಯವನ್ನು ನೇರವಾಗಿ ಓದಿದರು. ಬಳಿಕ ಅದನ್ನೇ ಗಮಕದಲ್ಲಿ ಓದಿದರು. ಎರಡನೆಯ ಸಲ ಒಂದು ಮಾತನ್ನು ಎಳೆದರು, ಇನ್ನೊಂದನ್ನು ಓಡಿಸಿದರು, ಅರ್ಥಕ್ಕಾಗಿ ನಡುವೆ ನಿಂತರು. ಆದರೂ ಪದ್ಯದ ಮೈಕಟ್ಟು ಸಡಿಲವಾಗಲಿಲ್ಲ. ಹುಡುಗ ಕೋಲು ಕೆಳಗಿಟ್ಟು ಕೇಳಿದ. ಅವನಿಗೆ ಬೇಕಾಗಿದ್ದ ವಿದ್ಯೆ ಅದೇ: ಅಳತೆಯನ್ನು ಮೈಯೊಳಗೆ ಇಳಿಸಿಕೊಂಡವನಿಗೆ ಮಾತ್ರ ಅಳತೆಯ ಮೇಲೆ ಸ್ವಾತಂತ್ರ್ಯ.

ಈ ಸಂಬಂಧವನ್ನು ಬೆಂಗಳೂರು ಬಹಳ ಹಿಂದೆಯೇ ಕಂಡುಕೊಂಡಿತ್ತು. 1964ರಲ್ಲಿ ಇಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿ ಮತ್ತು ಗಾಯಕಿ ಆರ್. ಎ. ರಮಾಮಣಿ ದಂಪತಿಗಳು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಡ್ರಮ್ ವಾದಕ ರಮೇಶ್ ಶೋತಮ್ ಅದೇ ಸಂಸ್ಥೆಯಲ್ಲಿ ತವಿಲ್ ಅಭ್ಯಾಸ ಮಾಡಿ, ಮುಂದೆ ಯೂರೋಪಿನ ಜಾಜ್ ವಲಯದಲ್ಲಿ ಹೆಸರಾದರು. ಅತ್ತ ಅಮೆರಿಕದಲ್ಲಿ ಡಾನ್ ಎಲ್ಲಿಸ್ ಎಂಬ ತುತ್ತೂರಿ ವಾದಕರು ನಮ್ಮವರಾದ ಹರಿಹರ ರಾವ್ ಅವರಿಂದ ತಾಳದ ಮರ್ಮ ಕಲಿತು, 1966ರ ಮಾಂಟೆರೆ ಉತ್ಸವದಲ್ಲಿ 19 ಪೆಟ್ಟಿನ ಕೃತಿಯನ್ನೇ ನುಡಿಸಿದರು.

ಕೈಗಿಂತ ಮೊದಲು ಬಾಯಿ ಎಂಬುದು ನಮ್ಮ ಲಯವಿದ್ಯೆಯ ಮೊದಲ ಪಾಠ. ‘ತಕಿಟ ತಕದಿಮಿ’ ಎಂದರೆ ಏಳು. ‘ತಕ ತಕಿಟ’ ಎಂದರೆ ಐದು. ಹುಡುಗ ಒಂದು ವಾರ ಕೋಲು ಮುಟ್ಟದೆ ಅದನ್ನೇ ಹೇಳಿದ, ಮೆಟ್ರೋದಲ್ಲಿಯೂ ತುಟಿಯೊಳಗೆ. ಆಮೇಲೆ ಕಾಲಿಗೆ ಏಳನ್ನು ಒಪ್ಪಿಸಿ, ಕೈಗಳನ್ನು ಒಂದಾದ ಮೇಲೊಂದು ಆಡಿಸಿದ. ಸಂಖ್ಯೆ ಬೆಸವಾದುದರಿಂದ ಒಂದು ಸುತ್ತು ಬಲಗೈಯಿಂದ ಮೊದಲಾದರೆ ಮುಂದಿನದು ಎಡಗೈಯಿಂದ. ಎಡಗೈಯ ಸೋಮಾರಿತನ ಅಲ್ಲಿಯೇ ಬಯಲಾಯಿತು. ಕೊನೆಯದು ಮುಕ್ತಾಯ. ನಾಲ್ಕು ಸುತ್ತಿಗೆ 28 ಪೆಟ್ಟು. ಎಂಟು ಪೆಟ್ಟಿನ ಒಂದು ಸೊಲ್ಲನ್ನು ಮೂರು ಸಲ ನುಡಿಸಿ, ನಡುವೆ ಎರಡೆರಡು ಪೆಟ್ಟು ಸುಮ್ಮನಿದ್ದರೆ ಲೆಕ್ಕ ಸರಿಹೋಗುತ್ತದೆ. ಮುಂದಿನ ಪೆಟ್ಟು ನೇರವಾಗಿ ಸಮಕ್ಕೆ ಬೀಳುತ್ತದೆ. ಆ ಎರಡು ಪೆಟ್ಟಿನ ಮೌನವನ್ನು ಕಾಯುವುದೇ ಎಲ್ಲಕ್ಕಿಂತ ಕಷ್ಟ.

ಸಮುಚ್ಚಯದ ಸಭಾಂಗಣದಲ್ಲಿ ಅವರ ಕಛೇರಿ ನಡೆದಾಗ ನಾನು ಪಂಡಿತರ ಪಕ್ಕದಲ್ಲಿದ್ದೆ. ಸ್ಯಾಕ್ಸೋಫೋನಿನ ಅಬ್ಬರ ಅವರಿಗೆ ಹಿಡಿಸಲಿಲ್ಲ; ಊಟದ ಹೊತ್ತು ಮೀರಿತೆಂದು ಎರಡು ಬಾರಿ ಗಡಿಯಾರ ನೋಡಿದರು. ಉಳಿದ ವಾದ್ಯಗಳು ನಿಂತು ಮೊಮ್ಮಗನ ಡ್ರಮ್ ಒಂದೇ ಉಳಿದಾಗ ಮಾತ್ರ ಅವರ ಬೆರಳು ತೊಡೆಯ ಮೇಲೆ ಆಡತೊಡಗಿತು. ಹುಡುಗ ನಡೆದ, ನಿಂತ, ಎಳೆದ; ಕೊನೆಗೆ ಮೂರು ಸೊಲ್ಲು ಮುಗಿಸಿ ಸಮಕ್ಕೆ ಬಂದ. ಗೆಳೆಯರೆಲ್ಲ ಒಂದೇ ಏಟಿಗೆ ಕೂಡಿಕೊಂಡರು.

“ಹೇಗಿತ್ತು, ತಾತ?” ಎಂದು ಆಮೇಲೆ ಅವನು ಕೇಳಿದ.

“ಮೂರನೆಯದರಲ್ಲಿ ಸ್ವಲ್ಪ ಓಡಿದೆ. ಆದರೂ ಮನೆ ಸೇರಿದೆ,” ಎಂದರು ಪಂಡಿತರು.

ಈಗ ಆ ಮನೆಯಲ್ಲಿ ಭಾನುವಾರ ಸಂಜೆ ಭಾರತ ವಾಚನಕ್ಕೆ ಒಬ್ಬ ಶ್ರೋತೃ ಇದ್ದಾನೆ. ಕೇಳುತ್ತಲೇ ರಬ್ಬರಿನ ಹಾಸಿನ ಮೇಲೆ ಮೆಲ್ಲನೆ ಕೋಲಾಡಿಸುತ್ತಾನೆ. ಪಂಡಿತರು ಅದಕ್ಕೆ ಆಕ್ಷೇಪಿಸುವುದಿಲ್ಲ.