ಐದು ವ್ಯಾಟಿನ ಲೆಕ್ಕ

ಮನೆಯವರ ಫೋಟೊಗಳನ್ನೆಲ್ಲ ಒಂದೆಡೆ ಕೂಡಿಡಲು, ಜಾಹೀರಾತುಗಳನ್ನು ಹೊಸ್ತಿಲಲ್ಲೇ ತಡೆಯಲು, ಹಗಲೂ ರಾತ್ರಿ ಎಚ್ಚರವಾಗಿರುವ ಪುಟ್ಟ ಕಂಪ್ಯೂಟರ್ ಬೇಕೆಂದವರಿಗೆ ಮೊದಲು ಸಿಗುವ ಸಲಹೆ ರಾಸ್ಪ್‌ಬೆರಿ ಪೈ. ಇಂಗ್ಲೆಂಡಿನ ಕೇಂಬ್ರಿಜ್‌ನವರು ಅದನ್ನು 35 ಡಾಲರಿಗೆ ಮಾರಾಟಕ್ಕಿಟ್ಟದ್ದು 2012ರ ಫೆಬ್ರವರಿ 29ರಂದು. ಆದರೆ ಆ ಬೆಲೆ ಬರೀ ಬೋರ್ಡಿನದು. ಅಡಾಪ್ಟರು, ಮೆಮೊರಿ ಕಾರ್ಡು, ಡಬ್ಬಿ ಎಲ್ಲ ಸೇರುವಷ್ಟರಲ್ಲಿ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ಸದಾ ಓಡುವ ಮನೆಯ ಯಂತ್ರಕ್ಕೆ ಹೊಸ ಬೋರ್ಡಿಗಿಂತ ಯಾವುದೋ ಕಚೇರಿ ಬಳಸಿ ಬಿಟ್ಟ ಥಿನ್ ಕ್ಲೈಂಟೇ, ಅಂದರೆ ಭಾರದ ಕೆಲಸವನ್ನೆಲ್ಲ ಸರ್ವರಿಗೆ ಬಿಟ್ಟು ನಡೆಯುವ ಪುಟ್ಟ ಕಂಪ್ಯೂಟರೇ, ಮೇಲು ಎಂಬುದು ನನ್ನ ವಾದ.

ಪುಟ್ಟ ಕಂಪ್ಯೂಟರುಗಳ ಹಿನ್ನೆಲೆಯೂ ಈ ಮಾತನ್ನೇ ಎತ್ತಿ ಹಿಡಿಯುತ್ತದೆ. ಪೈ ಒಳಗಿನ ಆರ್ಮ್ ಪ್ರೊಸೆಸರಿನ ಮೂಲ ಅದೇ ಕೇಂಬ್ರಿಜ್‌ನ ಏಕಾರ್ನ್ ಕಂಪನಿ. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಮೊದಲ ಚಿಪ್ 1985ರಲ್ಲಿ ಕೈಸೇರಿತು. ದುಬಾರಿ ಪಿಂಗಾಣಿ ಕವಚದ ಬದಲು ಅಗ್ಗದ ಪ್ಲಾಸ್ಟಿಕ್ ಕವಚ ಸಾಕಾಗಬೇಕು, ಅದಕ್ಕೆ ಚಿಪ್ ಹೆಚ್ಚು ಕಾಯಬಾರದು ಎಂಬುದು ಅವರ ಲೆಕ್ಕ. ಎಚ್ಚರಿಕೆ ಎಷ್ಟಿತ್ತೆಂದರೆ, ಪರೀಕ್ಷೆಯ ಹೊತ್ತಿಗೆ ವಿದ್ಯುತ್ ತಂತಿ ಜೋಡಿಸದಿದ್ದರೂ ಅಕ್ಕಪಕ್ಕದ ತಂತಿಗಳಿಂದ ಸೋರಿ ಬಂದ ಕರೆಂಟಿನಲ್ಲೇ ಚಿಪ್ ಓಡುತ್ತಿತ್ತು. ಮಿತ ವಿದ್ಯುತ್ತೆಂಬ ಗುಣ ಹುಟ್ಟಿದ್ದೇ ಜಿಪುಣತನದಿಂದ. ಪೈ ಅಗ್ಗವಾದದ್ದೂ ಮಲ್ಟಿಮೀಡಿಯಾ ಸಾಧನಗಳಿಗೆಂದು ಆಗಲೇ ಬೆಳೆದಿದ್ದ ಚಿಪ್ಪಿನ ಬಳಗವನ್ನು ಆಶ್ರಯಿಸಿದ್ದರಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಜನಸಾಮಾನ್ಯರಿಗೆಂದು ಕನಸು ಕಂಡ, ಕೈಯಲ್ಲಿ ಹಿಡಿಯುವ ಕಂಪ್ಯೂಟರಾದ ಸಿಂಪ್ಯೂಟರಿನಲ್ಲೂ ಆರ್ಮ್ ವಂಶದ ಚಿಪ್ಪೇ ಇತ್ತು. 2004ರಲ್ಲಿ ಅದು 'ಅಮಿಡಾ' ಹೆಸರಿನಲ್ಲಿ ಅಂಗಡಿಗೆ ಬಂದಾಗ ಬೆಲೆ ಸುಮಾರು 10 ಸಾವಿರ ರೂಪಾಯಿ. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಬೆಲೆಯೂ ಇಳಿಯಲಿಲ್ಲ. ಗಾತ್ರ ಕುಗ್ಗಿದ ಮಾತ್ರಕ್ಕೆ ಬೆಲೆ ಕುಗ್ಗದು. ಖರ್ಚಿನ ಭಾರವನ್ನು ಬೇರೆ ಯಾರೋ ಮೊದಲೇ ಹೊತ್ತಿರಬೇಕು. ಕಚೇರಿಗಳು ನೂರಾರು ಸಂಖ್ಯೆಯಲ್ಲಿ ಕೊಂಡು, ಒಟ್ಟಿಗೇ ಬದಲಿಸುವ ಥಿನ್ ಕ್ಲೈಂಟುಗಳ ವಿಷಯದಲ್ಲಿ ಆಗಿರುವುದು ಅದೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆಯ ಕಂಪ್ಯೂಟರ್ ಅಂಗಡಿಗಳಂಥ ಕಡೆ ಹುಡುಕಬೇಕಾದದ್ದು ಇಂಥವನ್ನು.

ಹಳೆಯ ಯಂತ್ರ ಕರೆಂಟು ತಿನ್ನುತ್ತದಲ್ಲ ಎಂಬ ಆಕ್ಷೇಪ ಉಂಟು. ಯೂನಿಟ್ಟಿಗೆ 6 ರೂಪಾಯಿ ಹಿಡಿಯೋಣ. ಸುಮ್ಮನಿದ್ದಾಗಲೂ 60 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪ್ ವರ್ಷವಿಡೀ ಓಡಿದರೆ ಸುಮಾರು 525 ಯೂನಿಟ್, ಅಂದರೆ 3,150 ರೂಪಾಯಿ. 8 ವ್ಯಾಟಿನ ಥಿನ್ ಕ್ಲೈಂಟಿಗೆ 70 ಯೂನಿಟ್, 420 ರೂಪಾಯಿ. 3 ವ್ಯಾಟಿನ ಬೋರ್ಡಿಗೆ 26 ಯೂನಿಟ್, 160 ರೂಪಾಯಿಯೊಳಗೆ. ಡೆಸ್ಕ್‌ಟಾಪನ್ನು ಕೈಬಿಟ್ಟರೆ ಉಳಿತಾಯ ದೊಡ್ಡದು. ಕೊನೆಯ ಐದು ವ್ಯಾಟಿನ ಬೆನ್ನು ಹತ್ತಿದರೆ ಸಿಗುವುದು ವರ್ಷಕ್ಕೆ 260 ರೂಪಾಯಿ. ಅದಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡುವುದು ಉಳಿತಾಯವಲ್ಲ, ಹವ್ಯಾಸ. ಹಳೆಯದು ಬೇಗ ಕೆಡುತ್ತದೆ ಎನ್ನುವವರಿಗೂ ಉತ್ತರವಿದೆ. ಹೆಚ್ಚಿನ ಥಿನ್ ಕ್ಲೈಂಟುಗಳಲ್ಲಿ ಫ್ಯಾನೇ ಇರುವುದಿಲ್ಲ. ಸವೆಯುವ ಭಾಗಗಳು ಕಡಿಮೆ. ಮತ್ತೆ ಮತ್ತೆ ಬರೆದು ಸವೆಯುವ, ದಿಢೀರನೆ ಕರೆಂಟು ಹೋದರೆ ಕಡತ ಕೆಡಿಸಿಕೊಳ್ಳುವ ಮೆಮೊರಿ ಕಾರ್ಡೇ ಹೊಸ ಬೋರ್ಡಿನ ಬಲಹೀನ ಜಾಗ.

ಪೈಯನ್ನು ತಳ್ಳಿಹಾಕಲಾಗದ ಜಾಗವೂ ಇದೆ. ಅದರ 40 ಪಿನ್ನುಗಳಿಗೆ ಸೆನ್ಸರು, ರಿಲೇಗಳನ್ನು ನೇರ ಜೋಡಿಸಬಹುದು. ಥಿನ್ ಕ್ಲೈಂಟಿನಲ್ಲಿ ಆ ಸೌಕರ್ಯವಿಲ್ಲ. ಬ್ಯಾಟರಿ ಅಥವಾ ಸೋಲಾರ್ ನೆಚ್ಚಿದಲ್ಲಿ ಆ ಐದು ವ್ಯಾಟೂ ಅಮೂಲ್ಯ. ಆದರೆ ಬರೀ ತೊಟ್ಟಿಯ ನೀರಿನ ಮಟ್ಟ ನೋಡಲು ಪೈ ಕೂಡ ಅತಿಯೇ. ಅದಕ್ಕೆ ಇಎಸ್‌ಪಿ32ನಂಥ ಮೈಕ್ರೊಕಂಟ್ರೋಲರ್ ಸಾಕು. ಆದ್ದರಿಂದ ಕೆಲಸ ಮೊದಲು ಗೊತ್ತಾಗಲಿ, ಯಂತ್ರ ಆಮೇಲೆ ಬರಲಿ. ಯಂತ್ರವನ್ನು ಮೊದಲು ಕೊಂಡು ಕೆಲಸವನ್ನು ಆಮೇಲೆ ಹುಡುಕುವವರ ಮನೆಯಲ್ಲಿ ಕರೆಂಟು ಮಾತ್ರ ನಿಜಕ್ಕೂ ಉಳಿಯುತ್ತದೆ. ಡ್ರಾಯರಿನಲ್ಲಿರುವ ಬೋರ್ಡು ಸೊನ್ನೆ ವ್ಯಾಟಿನದು.